ದುಡ್ಡು ಕಟ್ಟದವನು ಮಾಲೀಕ, ಅಂಕ ಕಳೆದುಕೊಂಡದ್ದು ತಂಡ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಶೆಫೀಲ್ಡ್ ವೆಡ್ನೆಸ್‌ಡೇ ಫುಟ್‌ಬಾಲ್ ಕ್ಲಬ್ಬಿಗೆ ಅಂಕ ಕಡಿತವಾದ ಸುದ್ದಿಯನ್ನು ನಿಮ್ಮ ಕ್ರೀಡಾಪುಟ ನಾಲ್ಕೇ ಸಾಲಿನಲ್ಲಿ ಮುಗಿಸಿತ್ತು. ಹಣಕಾಸಿನ ತಪ್ಪಿಗೆ ಕ್ಲಬ್ಬಿಗೆ ತಕ್ಕ ಶಿಕ್ಷೆ ಆಯಿತು ಅನ್ನುವ ಧಾಟಿ ಅದರಲ್ಲಿತ್ತು. ಕ್ಲಬ್ಬಿಗೆ ಅಂದರೆ ಯಾರಿಗೆ? ತಪ್ಪು ಮಾಡಿದವರು ಯಾರು, ಶಿಕ್ಷೆ ತಿಂದವರು ಯಾರು ಅನ್ನುವುದೇ ಸುದ್ದಿಯಲ್ಲಿ ಇರಲಿಲ್ಲ. ಅದಕ್ಕೇ ಈ ಪತ್ರ.

ವೆಡ್ನೆಸ್‌ಡೇ 1867ರಲ್ಲಿ ಹುಟ್ಟಿದ ಕ್ಲಬ್. 2015ರಿಂದ 2025ರ ತನಕ ಅದರ ಮಾಲೀಕನಾಗಿದ್ದದ್ದು ಥಾಯ್ಲೆಂಡಿನ ಉದ್ಯಮಿ ದೇಜ್‌ಫೊನ್ ಚಾನ್ಸಿರಿ. 2025ರಲ್ಲಿ ಹಲವು ತಿಂಗಳು ಆಟಗಾರರ ಸಂಬಳ ಸಮಯಕ್ಕೆ ಬರಲಿಲ್ಲ, ತೆರಿಗೆ ಬಾಕಿ ಬಿತ್ತು, ಆಟಗಾರರು ಒಬ್ಬೊಬ್ಬರಾಗಿ ಬಿಟ್ಟು ಹೋದರು, ಹಿಲ್ಸ್‌ಬರೋ ಮೈದಾನದ ಒಂದು ಕಡೆಯ ಸ್ಟ್ಯಾಂಡಿಗೆ ಸುರಕ್ಷತೆಯ ಕಾರಣಕ್ಕೆ ಸ್ಥಳೀಯ ಆಡಳಿತವೇ ಬೀಗ ಹಾಕಿಸಿತು. ಉಳಿದ ಕೆಲವು ಹಿರಿಯರು ಮತ್ತು ಕ್ಲಬ್ಬಿನ ತರಬೇತಿ ಅಕಾಡೆಮಿಯ ಹುಡುಗರು ಸೇರಿ ಆಡಿದರು. ಅಕ್ಟೋಬರ್ 24ರಂದು ಕ್ಲಬ್ ಅಡ್ಮಿನಿಸ್ಟ್ರೇಷನ್‌ಗೆ ಹೋಯಿತು, ಅಂದರೆ ಸಾಲ ತೀರಿಸಲಾಗದೆ ವ್ಯವಹಾರವನ್ನು ಹೊರಗಿನವರ ಕೈಗೆ ಒಪ್ಪಿಸಿತು. ನಿಯಮದ ಪ್ರಕಾರ ಅಲ್ಲೇ 12 ಅಂಕ ಕಟ್. ಅಷ್ಟು ಹೊತ್ತಿಗೆ ಆ ಹುಡುಗರು ಒದ್ದಾಡಿ ಗಳಿಸಿದ್ದೇ 6 ಅಂಕ, ಹಾಗಾಗಿ ಪಟ್ಟಿಯಲ್ಲಿ ಮೈನಸ್ 6. ಸಂಬಳ ತಡವಾದದ್ದಕ್ಕೆ ಡಿಸೆಂಬರಿನಲ್ಲಿ ಮತ್ತೆ 6 ಅಂಕ ಹೋಯಿತು. ಇದನ್ನು ಇನ್ನೊಮ್ಮೆ ಓದಿ ನೋಡಿ. ಸಂಬಳ ಸಿಗದೆ ಆಡಿದವರು ಅವರೇ, ಸಂಬಳ ಕೊಡದ ತಪ್ಪಿಗೆ ಅಂಕ ಕಳೆದುಕೊಂಡವರೂ ಅವರೇ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಮಾಲೀಕನಿಗೆ ಏನೂ ಆಗಲಿಲ್ಲ ಅಂತಲ್ಲ. ಮೂರು ವರ್ಷ ವೆಡ್ನೆಸ್‌ಡೇ ಆಡುವ ಇಂಗ್ಲಿಷ್ ಫುಟ್‌ಬಾಲ್ ಲೀಗಿನ ಯಾವ ಕ್ಲಬ್ಬಿಗೂ ಮಾಲೀಕನಾಗುವಂತಿಲ್ಲ ಎಂದು ನಿಷೇಧ ಹಾಕಿದರು. ಆದರೆ ಕ್ಲಬ್ ಕೈಬಿಟ್ಟ ಮೇಲೆ ಬಂದ ನಿಷೇಧದಿಂದ ಯಾರಿಗೆ ಏನು ಲಾಭ?

ಅಂಕ ಕಡಿತದ ನಿಯಮ ಸುಮ್ನೆ ಹುಟ್ಟಿಕೊಂಡದ್ದಲ್ಲ ಅನ್ನುವುದು ನನಗೆ ಗೊತ್ತು. 2002ರಲ್ಲಿ ಲೆಸ್ಟರ್ ಸಿಟಿ ಇದೇ ರೀತಿ ಅಡ್ಮಿನಿಸ್ಟ್ರೇಷನ್‌ಗೆ ಹೋಗಿ ಸಾಲದ ಭಾರ ಇಳಿಸಿಕೊಂಡಿತು. ಅದೇ ಸೀಸನ್ನಿನ ಕೊನೆಗೆ ಅಲ್ಲಿನ ಅತಿ ಮೇಲಿನ ಹಂತವಾದ ಪ್ರೀಮಿಯರ್ ಲೀಗಿಗೆ ಬಡ್ತಿಯನ್ನೂ ಪಡೆಯಿತು. ತಮ್ಮ ಬಾಕಿಯನ್ನು ಪ್ರಾಮಾಣಿಕವಾಗಿ ಕಟ್ಟುತ್ತಿದ್ದ ಬೇರೆ ಕ್ಲಬ್ಬುಗಳಿಗೆ ಹೊಟ್ಟೆ ಉರಿಯದೆ ಇರುತ್ತಾ? 2004ರಲ್ಲಿ 10 ಅಂಕಗಳ ಶಿಕ್ಷೆ ಬಂತು, ಆಮೇಲೆ ಅದು 12 ಆಯಿತು. ಆ ಸಿಟ್ಟು ನ್ಯಾಯವಾದದ್ದೇ. ಕೊಡಲಾಗದ ದುಡ್ಡಿನಲ್ಲಿ ಆಟಗಾರರನ್ನು ಕೊಂಡು ಗೆದ್ದರೆ ಆ ಗೆಲುವಿನಲ್ಲಿ ಸ್ವಲ್ಪ ಭಾಗ ಬೇರೆಯವರದು, ಅದನ್ನು ವಾಪಸ್ ಪಡೆಯಲೇಬೇಕು.

ಎವರ್ಟನ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬುಗಳ ವಿಷಯದಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. ಆಗ ಪ್ರೀಮಿಯರ್ ಲೀಗಿನಲ್ಲಿ ಮೂರು ವರ್ಷಕ್ಕೆ ಒಟ್ಟು 10.5 ಕೋಟಿ ಪೌಂಡಿಗಿಂತ ಜಾಸ್ತಿ ನಷ್ಟ ಮಾಡುವಂತಿರಲಿಲ್ಲ. ಎವರ್ಟನ್ ಆ ಮಿತಿಯನ್ನು 1.95 ಕೋಟಿ ಪೌಂಡ್ ಮೀರಿತ್ತು. 2023ರ ನವೆಂಬರಿನಲ್ಲಿ 10 ಅಂಕ ಕಡಿದರು, ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು, ಏಪ್ರಿಲಿನಲ್ಲಿ ಇನ್ನೊಂದು ಪ್ರಕರಣಕ್ಕೆ ಮತ್ತೆ 2. ಫಾರೆಸ್ಟ್ ಕಥೆ ಇನ್ನೂ ಸ್ವಾರಸ್ಯದ್ದು. ಆಗಷ್ಟೇ ಮೇಲೆ ಬಂದ ಕ್ಲಬ್ ಆದ್ದರಿಂದ ಅದರ ಮಿತಿ 6.1 ಕೋಟಿ ಪೌಂಡ್, ಮೀರಿದ್ದು 3.45 ಕೋಟಿ. ತಂಡದ ಆಟಗಾರ ಬ್ರೆನನ್ ಜಾನ್ಸನ್ ಅವರನ್ನು ಜೂನ್ ಒಳಗೇ ಮಾರಿದ್ದರೆ ಆ ದುಡ್ಡು ಅದೇ ವರ್ಷದ ಲೆಕ್ಕಕ್ಕೆ ಸೇರುತ್ತಿತ್ತು, ಒಳ್ಳೆ ಬೆಲೆ ಬರಲಿ ಎಂದು ಸೆಪ್ಟೆಂಬರ್ ತನಕ ಕಾದೆವು ಅಂತ ಕ್ಲಬ್ ವಾದಿಸಿತು. ವಿಚಾರಣೆ ಮಾಡಿದ ಸಮಿತಿ ಒಪ್ಪಲಿಲ್ಲ, 4 ಅಂಕ ಹೋಯಿತು. ಒಪ್ಪದೆ ಇದ್ದದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆ ಆಟಗಾರರನ್ನು ಇಟ್ಟುಕೊಂಡು ಫಾರೆಸ್ಟ್ ಪಂದ್ಯ ಆಡಿದೆ, ಲಾಭ ಸಿಕ್ಕಿದ್ದು ಮೈದಾನದಲ್ಲಿ, ದಂಡವೂ ಮೈದಾನದಲ್ಲೇ ಬೀಳಲಿ.

ಆದರೆ ಮಾಲೀಕ ದುಡ್ಡು ಹಾಕುವುದನ್ನು ನಿಲ್ಲಿಸಿ ಕೈಕೊಡುವುದು ಬೇರೆ ವಿಷಯ. ಇವೆರಡಕ್ಕೂ ಒಂದೇ ದೊಣ್ಣೆ ಬೀಸುವುದು ಎಲ್ಲಿಯ ನ್ಯಾಯ?

2020ರ ವಿಗನ್ ಅಥ್ಲೆಟಿಕ್ ಉದಾಹರಣೆ ನೋಡಿ. ಹಾಂಗ್‌ಕಾಂಗ್ ಮೂಲದ ಹೊಸ ಮಾಲೀಕರು ಕ್ಲಬ್ ಕೊಂಡ ಕೆಲವೇ ವಾರಗಳಲ್ಲಿ, ಜುಲೈ 1ರಂದು, ಅಡ್ಮಿನಿಸ್ಟ್ರೇಷನ್! ತಂಡ ಆಗ ಚೆನ್ನಾಗಿಯೇ ಆಡುತ್ತಿತ್ತು, ಅದೇ ತಿಂಗಳು ಹಲ್ ಸಿಟಿಯನ್ನು 8-0 ಅಂತರದಲ್ಲಿ ಸೋಲಿಸಿತು. ಸೀಸನ್ ಮುಗಿದಾಗ ಗಳಿಸಿದ್ದು 59 ಅಂಕ, ಅದಕ್ಕೆ 13ನೇ ಸ್ಥಾನ ಸಿಗಬೇಕಿತ್ತು. 12 ಕಳೆದರು, 47 ಉಳಿಯಿತು, 23ನೇ ಸ್ಥಾನಕ್ಕೆ ಬಿದ್ದು ಕೆಳಗಿನ ಲೀಗಿಗೆ ಹೋಯಿತು. ಈ ಮಾಲೀಕರು ಯೋಗ್ಯರು ಎಂದು ಪರೀಕ್ಷೆ ಮಾಡಿ ಒಳಗೆ ಬಿಟ್ಟದ್ದು ಇದೇ ಲೀಗ್ ಅಲ್ವಾ? ಆ ಪರೀಕ್ಷೆ ನಡೆಸಿದವರ ಅಂಕವನ್ನು ಯಾರು ಕಡಿಯಬೇಕು?

ಡರ್ಬಿ ಕೌಂಟಿಗೂ 2021-22ರಲ್ಲಿ ಇದೇ ಗತಿ. ಅಡ್ಮಿನಿಸ್ಟ್ರೇಷನ್‌ಗೆ 12, ಲೆಕ್ಕ ಬರೆಯುವ ರೀತಿ ಸರಿಯಿಲ್ಲದ್ದಕ್ಕೆ 9, ಒಟ್ಟು 21. ವೇಯ್ನ್ ರೂನಿ ತರಬೇತಿಯಲ್ಲಿ ಆ ತಂಡ 55 ಅಂಕ ಗಳಿಸಿತ್ತು, ಸುಲಭವಾಗಿ ಉಳಿದುಕೊಳ್ಳಬಹುದಿತ್ತು. ಆ 9ನ್ನು ನಾನು ಒಪ್ಪುತ್ತೇನೆ. 12ನ್ನು ಒಪ್ಪಲು ಆಗುವುದಿಲ್ಲ.

ಲೂಟನ್ ಟೌನ್ ಕಥೆಯಂತೂ ಎದೆ ಉರಿಸುವಂಥದ್ದು. 2008-09ರ ಸೀಸನ್ನನ್ನು ಅವರು ಮೈನಸ್ 30ರಿಂದ ಶುರು ಮಾಡಬೇಕಾಯಿತು. ಅದರಲ್ಲಿ 10 ಅಂಕ ಹಳೆಯ ಆಡಳಿತದವರು ಏಜೆಂಟರಿಗೆ ದುಡ್ಡು ಕೊಟ್ಟ ರೀತಿ ತಪ್ಪು ಅಂತ, ಉಳಿದ 20 ಅಡ್ಮಿನಿಸ್ಟ್ರೇಷನ್‌ನಿಂದ ಹೊರಬಂದ ರೀತಿ ನಿಯಮದ ಪ್ರಕಾರ ಇರಲಿಲ್ಲ ಅಂತ. ಕ್ಲಬ್ಬನ್ನು ಉಳಿಸಲು ಮುಂದೆ ಬಂದು ಕೊಂಡುಕೊಂಡವರು ಅದರ ಅಭಿಮಾನಿಗಳದೇ ಒಂದು ಗುಂಪು, ಹಳೆಯವರ ಪಾಪವೆಲ್ಲ ಅವರ ತಲೆಗೆ ಬಂತು. ಆ ವರ್ಷ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಒಂದು ಟ್ರೋಫಿ ಗೆದ್ದರೂ ಲೀಗಿನಿಂದಲೇ ಹೊರಬಿದ್ದರು. ಲೀಗಿಗೆ ಮರಳಲು 2014 ಆಯಿತು. 2023ರಲ್ಲಿ ಅದೇ ಕ್ಲಬ್ ಪ್ರೀಮಿಯರ್ ಲೀಗ್ ತಲುಪಿದ್ದನ್ನು ಎಲ್ಲರೂ ಪವಾಡ ಅಂತ ಹೊಗಳಿದರು. ನನಗೆ ಮಾತ್ರ ನಡುವೆ ಕಳೆದುಹೋದ ಅಷ್ಟು ವರ್ಷಗಳೇ ಕಾಣುತ್ತವೆ.

ಶಿಕ್ಷೆ ಕಂಡರೆ ಮಾಲೀಕರು ಹೆದರುತ್ತಾರೆ ಅನ್ನುವ ವಾದವೂ ಇದೆ. 2007ರಲ್ಲಿ ಲೀಡ್ಸ್ ಯುನೈಟೆಡ್ ಏನು ಮಾಡಿತು ಗೊತ್ತಾ? ಕೆಳಗಿನ ಲೀಗಿಗೆ ಬೀಳುವುದು ಹೆಚ್ಚುಕಡಿಮೆ ಖಚಿತವಾದ ಮೇಲೆ, ಕೊನೆಯ ಪಂದ್ಯಕ್ಕೆ ಮೊದಲು ಅಡ್ಮಿನಿಸ್ಟ್ರೇಷನ್‌ಗೆ ಹೋಯಿತು. 10 ಅಂಕ ಆ ಸೀಸನ್ನಿನಲ್ಲೇ ಹೋಗಲಿ, ಹೇಗೂ ಬಿದ್ದಾಗಿದೆ ಅನ್ನುವ ಲೆಕ್ಕ. ಮುಂದಿನ ಸೀಸನ್ನಿಗೆ ಬೇರೆ ಕಾರಣಕ್ಕೆ 15 ಅಂಕ ಬಿತ್ತು, ನಿಯಮವನ್ನೂ ಬಿಗಿ ಮಾಡಿದರು, ಅದು ಆಮೇಲಿನ ಮಾತು. ಹೆದರುವವರು ಹೀಗೆ ಲೆಕ್ಕ ಹಾಕುತ್ತಾರಾ?

ಇನ್ನು ಬಾಕಿದಾರರ ವಿಷಯಕ್ಕೆ ಬಂದರೆ ಯಾರೂ ಬಾಯಿ ಬಿಡುವುದಿಲ್ಲ. ಕ್ಲಬ್ ಮುಳುಗಿದಾಗ ಆಟಗಾರರಿಗೆ ಮತ್ತು ಬೇರೆ ಕ್ಲಬ್ಬುಗಳಿಗೆ ಬರಬೇಕಾದ ದುಡ್ಡನ್ನು ಪೂರ್ತಿ ಕೊಡಬೇಕು, ಇಲ್ಲದಿದ್ದರೆ ಲೀಗಿನಲ್ಲಿ ಜಾಗವಿಲ್ಲ. ಊಟ ಒದಗಿಸಿದವರು, ಬಸ್ಸಿನವರು, ಟಿಕೆಟ್ ಮುದ್ರಿಸಿದವರು, ಇವರೆಲ್ಲ ಕೊನೆಯ ಸಾಲಿನಲ್ಲಿ ನಿಂತು ಉಳಿದ ಚಿಲ್ಲರೆಯನ್ನು ಹಂಚಿಕೊಳ್ಳಬೇಕು. 2010ರ ಫೆಬ್ರವರಿಯಲ್ಲಿ ಪೋರ್ಟ್ಸ್‌ಮತ್ ಅಡ್ಮಿನಿಸ್ಟ್ರೇಷನ್‌ಗೆ ಹೋದ ಮೊದಲ ಪ್ರೀಮಿಯರ್ ಲೀಗ್ ಕ್ಲಬ್ ಆಯಿತು. ಅದು ದುಡ್ಡು ಕೊಡಬೇಕಿದ್ದವರ ಪಟ್ಟಿಯಲ್ಲಿ ಪಂದ್ಯದ ದಿನ ಪ್ರಥಮ ಚಿಕಿತ್ಸೆಗೆ ನಿಲ್ಲುವ ಸೇಂಟ್ ಜಾನ್ ಆಂಬ್ಯುಲೆನ್ಸ್ ಸೇವೆಯೂ ಇತ್ತು! ಒಂದೇ ಸೀಸನ್ನಿನಲ್ಲಿ ನಾಲ್ಕು ಮಾಲೀಕರು ಬಂದು ಹೋದರು. ಹತ್ತಾರು ಸಿಬ್ಬಂದಿ ಕೆಲಸ ಕಳೆದುಕೊಂಡರು. ತಂಡದ 9 ಅಂಕ ಕಡಿದದ್ದರಿಂದ ಇವರಲ್ಲಿ ಒಬ್ಬರಿಗಾದರೂ ಒಂದು ಪೌಂಡ್ ವಾಪಸ್ ಬಂತಾ?

ಬರಿ (Bury) ಎಂಬ ಊರಿನ ಕ್ಲಬ್ಬಿನದು ಎಲ್ಲಕ್ಕಿಂತ ಕಷ್ಟದ ಕಥೆ. 1885ರ ಕ್ಲಬ್, ಎರಡು ಸಲ ಎಫ್‌ಎ ಕಪ್ ಗೆದ್ದದ್ದು. 2018ರ ಕೊನೆಗೆ ಒಂದೇ ಒಂದು ಪೌಂಡಿಗೆ ಹೊಸ ಮಾಲೀಕನ ಕೈಗೆ ಹೋಯಿತು. ಸಂಬಳ ನಿಂತುಹೋದರೂ ಆಟಗಾರರು ಆಡಿ 2019ರಲ್ಲಿ ಬಡ್ತಿ ತಂದುಕೊಟ್ಟರು. ಲೀಗ್ ಮೊದಲು 12 ಅಂಕ ಕಡಿಯಿತು, ಆಮೇಲೆ ಆಗಸ್ಟ್ 27ರಂದು ಕ್ಲಬ್ಬನ್ನೇ ಹೊರಹಾಕಿತು. ಈ ದುಡ್ಡು ಎಲ್ಲಿಂದ ಬರುತ್ತದೆ, ತೋರಿಸಿ ಅಂತ ಮಾರಾಟಕ್ಕೆ ಮೊದಲೇ ಕೇಳಿ ತಡೆದಿದ್ದರೆ ಬಹುಶಃ ಅಲ್ಲಿಗೆ ಬರುತ್ತಿರಲಿಲ್ಲ. ಕೊನೆಗೆ ಮೈದಾನವನ್ನು ವಾಪಸ್ ಕೊಂಡು, ತೀರಾ ಕೆಳಗಿನ ಹಂತದಿಂದ ಮತ್ತೆ ಆಟ ಶುರು ಮಾಡಿದವರು ಅಭಿಮಾನಿಗಳೇ.

ಜರ್ಮನಿಯಲ್ಲಿ ಪ್ರತಿ ಸೀಸನ್ನಿಗೆ ಮೊದಲು ಕ್ಲಬ್ಬುಗಳು ತಮ್ಮ ಲೆಕ್ಕಪತ್ರ ತೋರಿಸಿ ಲೈಸೆನ್ಸ್ ಪಡೆಯಬೇಕು. ವರ್ಷಪೂರ್ತಿ ನಡೆಸಲು ದುಡ್ಡಿದೆ ಅಂತ ಸಾಬೀತು ಮಾಡಬೇಕು. ಅಲ್ಲಿ ಹೆಚ್ಚಿನ ಕ್ಲಬ್ಬುಗಳಲ್ಲಿ ಮತದ ಬಹುಮತ ಸದಸ್ಯರ ಕೈಯಲ್ಲೇ ಇರುತ್ತದೆ. ಇಂಗ್ಲೆಂಡಿನಲ್ಲೂ 2025ರ ಜುಲೈನಲ್ಲಿ ಹೊಸ ಕಾನೂನು ಬಂದು, ಸ್ವತಂತ್ರ ನಿಯಂತ್ರಕರಿಗೆ ಲೈಸೆನ್ಸ್ ಕೊಡುವ, ಮಾಲೀಕರ ದುಡ್ಡಿನ ಮೂಲ ಕೇಳುವ, ಅಯೋಗ್ಯ ಮಾಲೀಕನನ್ನು ಹೊರಹಾಕುವ ಅಧಿಕಾರ ಸಿಕ್ಕಿದೆ. ಬಹಳ ತಡವಾಯಿತು, ಆದರೂ ನನಗೆ ನಿಜವಾಗಿ ಸಂತೋಷವಾಗಿದೆ.

ನನ್ನ ಕೇಳಿಕೆ ಇಷ್ಟೇ. ಕ್ಲಬ್ ಕೊಳ್ಳುವವರು ಒಂದು ಸೀಸನ್ನಿನ ಪೂರ್ತಿ ಸಂಬಳವನ್ನು ಮೊದಲೇ ಠೇವಣಿ ಇಡಲಿ. ಸಂಬಳ ಒಂದು ದಿನ ತಪ್ಪಿದರೂ ಆ ಠೇವಣಿಯಿಂದ ಕೊಡಲಿ, ಆಟಗಾರರಿಗೆ ಮಾತ್ರ ಅಲ್ಲ, ಟಿಕೆಟ್ ಕೌಂಟರಿನಲ್ಲಿ ಕೂತವರಿಗೂ. ಎರಡನೇ ಸಲ ತಪ್ಪಿದರೆ ಮಾಲೀಕನ ಅಧಿಕಾರ ಅಲ್ಲಿಗೇ ನಿಲ್ಲಲಿ, ಹೊಸ ಮಾಲೀಕ ಸಿಗುವ ತನಕ ನಿಯಂತ್ರಕರು ನೇಮಿಸಿದವರು ನಡೆಸಲಿ. ಅಂಕ ಕಡಿತವನ್ನು ಮಿತಿಮೀರಿ ಖರ್ಚು ಮಾಡಿ ಮೈದಾನದಲ್ಲಿ ಲಾಭ ಪಡೆದವರಿಗೆ ಮಾತ್ರ ಇಟ್ಟುಕೊಳ್ಳಲಿ, ಅದೂ ಆದಷ್ಟು ಅದೇ ಸೀಸನ್ನಿನಲ್ಲಿ. ಮ್ಯಾಂಚೆಸ್ಟರ್ ಸಿಟಿ ಮೇಲೆ ನೂರಕ್ಕೂ ಹೆಚ್ಚು ಆರೋಪ ಹೊರಿಸಿದ್ದು 2023ರ ಫೆಬ್ರವರಿಯಲ್ಲಿ. ತಪ್ಪಿರಲಿ ಇಲ್ಲದಿರಲಿ, ಇಂಥ ಪ್ರಕರಣ ವರ್ಷಗಟ್ಟಲೆ ಎಳೆಯುವುದು ಯಾರಿಗೂ ಒಳ್ಳೆಯದಲ್ಲ.

ಶೆಫೀಲ್ಡಿನಲ್ಲಿ ಅಕ್ಟೋಬರ್ 22ರ ಪಂದ್ಯಕ್ಕೆ ಅಭಿಮಾನಿಗಳು ಬೇಕೆಂದೇ ಹೋಗಲಿಲ್ಲ, ಸ್ಟ್ಯಾಂಡುಗಳು ಖಾಲಿ ಹೊಡೆದವು. ಎರಡು ದಿನದ ನಂತರ ಮಾಲೀಕನ ಹಿಡಿತ ತಪ್ಪಿತು ಅಂತ ಗೊತ್ತಾದ ಕೂಡಲೇ ಅದೇ ಜನ ಟಿಕೆಟ್ ಕೊಳ್ಳಲು ಸಾಲುಗಟ್ಟಿದರು. 12 ಅಂಕ ಹೋದ ದಿನವೇ! ನಿಮ್ಮ ವರದಿಗಾರರು ಮುಂದಿನ ಸಲ ಇಂಥ ಸುದ್ದಿ ಬರೆಯುವಾಗ ಈ ಜನರ ಬಗ್ಗೆಯೂ ಎರಡು ಸಾಲು ಬರೆಯಲಿ, ದುಡ್ಡು ಕಟ್ಟದ ಮಾಲೀಕನ ಹೆಸರನ್ನೂ ಮೊದಲ ಸಾಲಿನಲ್ಲೇ ಹಾಕಲಿ.

ಇಂತಿ,
ನಿಮ್ಮ ಕ್ರೀಡಾಪುಟದ ಓದುಗ