ನದಿ ದಡದ ಶಿಬಿರ ಚಿಕ್ಕದಾಗಿಯೇ ಇರಲಿ

ಸಂಪಾದಕರೇ,

ಕಾವೇರಿ ವನ್ಯಜೀವಿಧಾಮದ ಅಂಚಿನ ಒಂದು ಪುಟ್ಟ ಶಿಬಿರದಲ್ಲಿ ಈಚೆಗೆ ತಂಗಿದ್ದೆವು. ಹೊಳೆಮತ್ತಿ ಮರಗಳ ಕೆಳಗೆ ಡೇರೆ, ಊಟಕ್ಕೆ ರಾಗಿಮುದ್ದೆ, ಸೊಪ್ಪಿನ ಸಾರು. ಹವಾನಿಯಂತ್ರಕವಿಲ್ಲ, ಈಜುಕೊಳವಿಲ್ಲ ಎಂದು ಜೊತೆಗಿದ್ದ ಕೆಲವರು ಗೊಣಗಿದರು. ಅವು ಇಲ್ಲದಿರುವುದೇ ಆ ಜಾಗದ ಭಾಗ್ಯ. ಹರಿಗೋಲು ಹಾಕುತ್ತಿದ್ದ ಪಕ್ಕದ ಹಳ್ಳಿಯ ಯುವಕ ಬಂಡೆಯ ಮೇಲಿನ ಮೊಸಳೆಯನ್ನೂ ಮರಿಗಳೊಂದಿಗೆ ಆಡುತ್ತಿದ್ದ ನೀರುನಾಯಿಗಳನ್ನೂ ನಮ್ಮ ಕಣ್ಣಿಗೆ ಬೀಳುವ ಮೊದಲೇ ಗುರುತಿಸುತ್ತಿದ್ದ. ಆ ಕಣ್ಣು ಯಾವ ತರಬೇತಿಯಿಂದಲೂ ಬರುವುದಿಲ್ಲ!

ಇದೇ ಹೊಳೆಯಲ್ಲಿ ಮಹಶೀರ್ ಮೀನು ಹಿಡಿದು ಮತ್ತೆ ನೀರಿಗೇ ಬಿಡುವ ಗಾಳದ ಶಿಬಿರಗಳು ನಡೆಯುತ್ತಿದ್ದಾಗ, ಹಿಂದೆ ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದವರಲ್ಲಿ ಕೆಲವರು ಕಾವಲುಗಾರರಾದರು, ಮಾರ್ಗದರ್ಶಿಗಳಾದರು. ಈ ಮೀನಿನ ಒಂದು ಪ್ರಭೇದವಾದ ಡುಬ್ಬದ ಮಹಶೀರ್ ಅಳಿವಿನ ತುತ್ತತುದಿಯಲ್ಲಿದೆ ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್ 2018ರಲ್ಲಿ ಪಟ್ಟಿಗೆ ಸೇರಿಸಿದೆ. ಅದನ್ನು ಉಳಿಸಲು ಅರಣ್ಯ ಇಲಾಖೆಯ ಸಿಬ್ಬಂದಿಯಷ್ಟೇ ಈ ಹಳ್ಳಿಗಳೂ ಬೇಕು.

ಆನೆ ತುಳಿದ ರಾಗಿ ಹೊಲದ ನಷ್ಟ ಊರಿನವರಿಗೆ, ಪ್ರವಾಸಿಗರ ಹಣ ಹೊರಗಿನವರಿಗೆ ಎಂದಾಗಬಾರದು. ಆದ್ದರಿಂದ ನದಿ ದಡದ ಎಲ್ಲ ಶಿಬಿರಗಳಲ್ಲೂ ಅಡುಗೆ, ಹರಿಗೋಲು, ಕಾವಲಿನ ಕೆಲಸ ಮೊದಲು ಸ್ಥಳೀಯರಿಗೆ ಸಿಗಲಿ, ಅದೂ ವರ್ಷವಿಡೀ ಸಂಬಳದೊಂದಿಗೆ. ಬಾಡಿಗೆಯ ಒಂದು ನಿಗದಿತ ಪಾಲು ಗ್ರಾಮ ಪಂಚಾಯಿತಿಗೆ ಸೇರಲಿ, ಎಷ್ಟು ಸೇರಿತೆಂದು ಶಿಬಿರದ ಬಾಗಿಲಲ್ಲೇ ಬರೆದು ಹಾಕಲಿ. ದಡದಲ್ಲಿ ಹೊಸ ಕಾಂಕ್ರೀಟ್ ಕಟ್ಟಡಕ್ಕೂ ಧ್ವನಿವರ್ಧಕಕ್ಕೂ ಅರಣ್ಯ ಇಲಾಖೆ ಅನುಮತಿ ನೀಡಬಾರದು.

– ಓದುಗಿ, ಮೈಸೂರು