ಭಾನುವಾರದ ಊಟ: ಶುಗರ್ ಇರುವವರು ಓದಿ

ಎಲ್ಲರಿಗೂ ನಮಸ್ಕಾರ. ಭಾನುವಾರ ವಾಕಿಂಗ್ ಆದ ಮೇಲೆ ಒಟ್ಟಿಗೆ ಊಟ ಇದೆಯಲ್ಲ, ಅದಕ್ಕೇ ಈ ಮಾತು.

ತಟ್ಟೆಯಲ್ಲಿ ಅರ್ಧ ಭಾಗ ಪಲ್ಯ, ಸೊಪ್ಪು, ಸೌತೆಕಾಯಿ. ಕಾಲು ಭಾಗ ಕಾಳು, ಗಟ್ಟಿ ಬೇಳೆ ಅಥವಾ ಮೊಟ್ಟೆ. ಉಳಿದ ಕಾಲು ಭಾಗ ಮಾತ್ರ ಅನ್ನ, ಚಪಾತಿ ಅಥವಾ ಮುದ್ದೆ. ಆಲೂಗಡ್ಡೆ ಪಲ್ಯ ಅನ್ನದ ಲೆಕ್ಕಕ್ಕೇ ಸೇರುತ್ತದೆ, ತರಕಾರಿ ಲೆಕ್ಕಕ್ಕಲ್ಲ!

ರಾಗಿ ಎಷ್ಟು ತಿಂದರೂ ಪರವಾಗಿಲ್ಲ ಅಂತ ನಾನೂ ನಂಬಿದ್ದೆ. ದಿನಾ ಬೆಳಿಗ್ಗೆ ದೊಡ್ಡ ಲೋಟದಲ್ಲಿ ಗಂಜಿ. ಒಂದು ದಿನ ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ಶುಗರ್ ನೋಡಿದರೆ 240. ನುಣ್ಣಗಿನ ಹಿಟ್ಟಿನ ಗಂಜಿ ಬೇಗ ಜೀರ್ಣವಾಗುತ್ತದೆ, ಸಕ್ಕರೆಯೂ ಬೇಗ ಏರುತ್ತದೆ. ಈಗ ಸಣ್ಣ ಮುದ್ದೆ, ಬಸ್ಸಾರು, ಜಾಸ್ತಿ ಸೊಪ್ಪಿನ ಪಲ್ಯ.

ಇನ್ಸುಲಿನ್, ಮಾತ್ರೆ ತೆಗೆದುಕೊಳ್ಳುವವರು ಊಟ ತಡಮಾಡಬೇಡಿ. ಶುಗರ್ ತೀರಾ ಇಳಿದು ಕೈ ನಡುಗಿ, ಬೆವರು ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ. ಕಿಡ್ನಿ ತೊಂದರೆ ಇರುವವರು ಕಾಳು-ಬೇಳೆ ಎಷ್ಟು ಅಂತ ಡಾಕ್ಟರನ್ನೇ ಕೇಳಿ.

ಕೋಸಂಬರಿ ಯಾರು ತರುತ್ತೀರಿ? ಶುಕ್ರವಾರದೊಳಗೆ ಇಲ್ಲೇ ಹೇಳಿ. ಪಾಯಸ ಮಾತ್ರ ತರಬೇಡಿ, ಸುಮ್ನೆ ಆಸೆ ಹುಟ್ಟಿಸಿದ ಹಾಗಾಗುತ್ತದೆ.