ಮಾನ್ಯ ಸಂಸದರೇ, ರಣಮಂಡಲಕ್ಕೆ ಒಮ್ಮೆ ಬನ್ನಿ

ಮಾನ್ಯ ಲೋಕಸಭಾ ಸದಸ್ಯರಿಗೆ, ಸಾದರ ನಮಸ್ಕಾರಗಳು.

ಕಲಬುರಗಿ ಕೋಟೆಯ ಕಂದಕದಾಚೆಗಿನ ಓಣಿಯೊಂದರಲ್ಲಿ, ಅಜ್ಜ ಕಟ್ಟಿಸಿದ ಮನೆಯಲ್ಲಿ ವಾಸವಾಗಿರುವ ನಾನು, ಅರ್ಜಿಗಳಿಂದ ಆಗದ ಕೆಲಸ ಬಹಿರಂಗ ಪತ್ರದಿಂದಾದರೂ ಆದೀತೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಬೇಡಿಕೆ ಒಂದೇ. ಕೋಟೆಯೊಳಗಿನ ಬಾಲಾ ಹಿಸಾರ್ ಎಂಬ ಕಲ್ಲುಕಟ್ಟಡ ಮತ್ತು ಕೋಟೆಯ ಸುತ್ತ ಹೊಸ ಕಟ್ಟಡ ಕಟ್ಟುವುದನ್ನು ನಿಷೇಧಿಸಿರುವ ಪ್ರದೇಶದ ಜಂಟಿ ಸ್ಥಳ ಪರಿಶೀಲನೆಗೆ ತಾವು ದಿನಾಂಕ ಗೊತ್ತುಪಡಿಸಬೇಕು. ಅಂದು ತಾವೇ ಖುದ್ದಾಗಿ ಬರಬೇಕು.

ನಾವು ರಣಮಂಡಲವೆಂದು ಕರೆಯುವ ಆ ಕಟ್ಟಡದ ವಿಷಯ ತಮಗೆ ತಿಳಿಯದ್ದೇನಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಕಡತಗಳಲ್ಲಿ ಅದಕ್ಕೆ ಕ್ರಮಸಂಖ್ಯೆ ಇದೆಯೇ ಹೊರತು ಚರಿತ್ರೆ ಇಲ್ಲ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ದೆಹಲಿಯ ಹಿಡಿತ ಕಳಚಿಕೊಂಡು ಸ್ವತಂತ್ರ ರಾಜ್ಯ ಕಟ್ಟಿ, ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡ. 1420ರ ದಶಕದಲ್ಲಿ ಅಹಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ಯುವವರೆಗೂ ದಖ್ಖನಿನ ರಾಜಕಾರಣಕ್ಕೆ ಈ ಕೋಟೆಯೇ ನೆಲೆಯಾಗಿತ್ತು. ಬಂದ ಪ್ರವಾಸಿಗರು 1367ರ ಜಾಮಿ ಮಸೀದಿಯನ್ನು ನೋಡುತ್ತಾರೆ. ತೆರೆದ ಅಂಗಳವಿಲ್ಲದೆ ಇಡಿಯಾಗಿ ಚಾವಣಿ ಹೊದ್ದ ಆ ಅಪರೂಪದ ಮಸೀದಿಯನ್ನು ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಲಾ ಹಿಸಾರಿನತ್ತ ಬೆನ್ನು ಮಾಡಿಯೇ ಅವರು ಫೋಟೊ ತೆಗೆಸಿಕೊಂಡು ಹೋಗುತ್ತಾರೆ.

ಅದು ಕೋಟೆಯೊಳಗಿನ ಕಟ್ಟಕಡೆಯ ಆಸರೆ. ಆಯತಾಕಾರದ ದೈತ್ಯ ಕಲ್ಲುಕಟ್ಟಡ, ಅದರ ಗೋಡೆಗಳಿಗೆ ಆತುಕೊಂಡ ಅರೆವೃತ್ತದ ಬುರುಜುಗಳು, ಉತ್ತರದ ಕಡೆ ಮೆಟ್ಟಿಲೇರಿಯೇ ತಲುಪಬೇಕಾದ ಎತ್ತರದ ಬಾಗಿಲು. ಕಂದಕ ದಾಟಿ, ಹೊರಗೋಡೆ ಒಳಗೋಡೆ ಎರಡನ್ನೂ ಭೇದಿಸಿ ಬಂದ ಶತ್ರುವೂ ಆ ಮೆಟ್ಟಿಲುಗಳ ಮೇಲೆ ಮರೆಯಿಲ್ಲದೆ ನಿಲ್ಲಬೇಕು, ಮೇಲಿನವರ ಕಣ್ಣೆದುರೇ ಹತ್ತಬೇಕು. ಆ ಬಾಗಿಲನ್ನು ಅಷ್ಟು ಮೇಲಿಟ್ಟ ಮೇಸ್ತ್ರಿಗೆ ಯುದ್ಧವೆಂದರೇನೆಂದು ಗೊತ್ತಿತ್ತು. ಇದು ಮೊದಲು ಅರಸರ ಬಳಕೆಯ ಕಟ್ಟಡವಾಗಿದ್ದು, ತೋಪುಗಳ ಕಾಲ ಬಂದ ಮೇಲೆ ತೋಪು ಹೊರುವ ಬುರುಜಾಗಿ ಮಾರ್ಪಟ್ಟಿತೆಂಬ ವಾದವೂ ವಿದ್ವಾಂಸರಲ್ಲಿದೆ. ಬಹಮನಿಗಳ ಕಟ್ಟಡ ಆದಿಲ್‌ಶಾಹಿಗಳ ಕಾಲದ ಯುದ್ಧಕ್ಕೆ ಹೇಗೆ ಒಗ್ಗಿಕೊಂಡಿತೆಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೇ? ಆದರೆ ಕಲ್ಲಿನ ಸಂದಿಯಲ್ಲಿ ಗಿಡ ಬೇರುಬಿಟ್ಟರೆ ಗಚ್ಚು ಸಡಿಲಾಗುತ್ತದೆ, ಗಚ್ಚು ಸಡಿಲಾದರೆ ನೀರಿಳಿಯುತ್ತದೆ, ನೀರಿಳಿದ ಗೋಡೆ ಒಳಗಿನಿಂದಲೇ ಉಬ್ಬುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ನನ್ನ ಮನೆಯ ಗೋಡೆ ನೋಡಿ ಕಲಿತದ್ದು.

ನನ್ನ ಮನೆ ಕೋಟೆಯ ಸಂರಕ್ಷಿತ ಗಡಿಯಿಂದ ನೂರು ಮೀಟರಿನೊಳಗಿದೆ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆ, ಅದರ 2010ರ ತಿದ್ದುಪಡಿ, ಸ್ಮಾರಕದ ಸುತ್ತಲ 100 ಮೀಟರಿನಲ್ಲಿ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರಿನಲ್ಲಿ ಕಟ್ಟಡಗಳ ಮೇಲೆ ನಿಯಂತ್ರಣ ಇವೆಲ್ಲ ತಮಗೆ ಗೊತ್ತೇ ಇದೆ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯ ದುರಸ್ತಿಗೆ ಅನುಮತಿ ಕೇಳುವ ಹಕ್ಕನ್ನೂ ಅದೇ ಕಾಯ್ದೆ ಕೊಟ್ಟಿದೆ. ನಾನು ಕೇಳಿದೆ. ಮಾಳಿಗೆ ಸೋರಿ, ಜಂತಿ ಬಾಗಿ, ಮಳೆ ಬಂದ ರಾತ್ರಿಗಳಲ್ಲಿ ಎಂಬತ್ತು ದಾಟಿದ ತಾಯಿಯ ಮಂಚವನ್ನು ಕೋಣೆಯಿಂದ ಕೋಣೆಗೆ ಎಳೆಯುತ್ತ ಹಲವು ಮಳೆಗಾಲಗಳನ್ನು ಕಳೆದಿದ್ದೇವೆ. ಅರ್ಜಿಯನ್ನು ಹದಿನೈದು ದಿನಗಳಲ್ಲಿ ಮುಂದಕ್ಕೆ ಕಳಿಸಬೇಕೆಂದು ಕಾಯ್ದೆ ಹೇಳುತ್ತದೆ. ಕಚೇರಿಯ ಪಂಚಾಂಗದಲ್ಲಿ ಆ ಹದಿನೈದನೆಯ ದಿನ ಇನ್ನೂ ಬಂದಿಲ್ಲ.

ಕಳೆದ ಮಳೆಗಾಲದಲ್ಲಿ ಹಿಂಗೋಡೆಯ ಒಂದು ಭಾಗ ಕುಸಿದಾಗ, ಹೆಸರು ಹೇಳಲಿಚ್ಛಿಸದ ಕಚೇರಿಯೊಂದಕ್ಕೆ ಓಡಿದೆ. ಅಲ್ಲಿದ್ದ ಸಿಬ್ಬಂದಿಯೊಬ್ಬರು ತಲೆಯೆತ್ತದೆ ಹೇಳಿದ ಮಾತು ಇದು: “ಪೂರ್ತಿ ಬೀಳಲಿ ಬಿಡ್ರಿ, ಆಮ್ಯಾಲ ಹೊಸದಾಗಿ ಅರ್ಜಿ ಕೊಡ್ರಿ.” ಪೂರ್ತಿ ಬಿದ್ದ ಮೇಲೆ ನೂರು ಮೀಟರಿನೊಳಗೆ ಹೊಸ ಮನೆ ಕಟ್ಟಲು ಕಾಯ್ದೆ ಒಪ್ಪುವುದಿಲ್ಲವೆಂಬುದು ಆ ಮಹನೀಯರಿಗೆ ತಿಳಿದಿರಲಿಲ್ಲವೋ, ಅಥವಾ ಚೆನ್ನಾಗಿ ತಿಳಿದೇ ಹೇಳಿದರೋ, ನಾನರಿಯೆ. ಅದೇ ವಾರ ಪಕ್ಕದ ಓಣಿಯಲ್ಲಿ, ಅದೇ ನೂರು ಮೀಟರಿನೊಳಗೆ, ಮಧ್ಯರಾತ್ರಿ ದೀಪ ಹಾಕಿಕೊಂಡು ಮೂರನೆಯ ಅಂತಸ್ತಿಗೆ ಸ್ಲ್ಯಾಬ್ ಹಾಕಿದರು. ಎರಡು ವರ್ಷಗಳವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗಿನ ದಂಡ ಎಂಬ ಕಾಯ್ದೆಯ ಮಾತು ಹಗಲಿನಲ್ಲಿ ಮಾತ್ರ ಜಾರಿಯಲ್ಲಿರುತ್ತದೆಯೇ ಎಂದು ದಯವಿಟ್ಟು ತಿಳಿಸಬೇಕು.

ಕಾಯ್ದೆ ಸಡಿಲಿಸಿರೆಂದು ನಾನು ಕೇಳುತ್ತಿಲ್ಲ. ರಣಮಂಡಲವನ್ನು ನೋಡುತ್ತ ಬೆಳೆದವರಿಗೆ ಅದರ ಸುತ್ತ ಬಯಲು ಉಳಿಯಬೇಕೆಂಬುದು ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಕಾಯ್ದೆ ಪಾಲಿಸುವವನ ಮಾಳಿಗೆಗೊಂದು, ಮುರಿಯುವವನ ಅಂತಸ್ತಿಗೊಂದು ಕಾಯ್ದೆ ಇರಬಾರದೆಂದಷ್ಟೇ ನನ್ನ ವಾದ. ಅದಕ್ಕಾಗಿ ಜಂಟಿ ಪರಿಶೀಲನೆಯಾಗಬೇಕು. ಸ್ಮಾರಕ ನೋಡಿಕೊಳ್ಳುವವರು, ಕಟ್ಟಡಗಳಿಗೆ ಪರವಾನಗಿ ಕೊಡುವವರು, ಭೂದಾಖಲೆ ಇಟ್ಟುಕೊಂಡವರು ಒಂದೇ ದಿನ, ಒಂದೇ ಜಾಗದಲ್ಲಿ, ತಮ್ಮ ಎದುರು ನಿಲ್ಲಬೇಕು. ಬೇರೆ ಬೇರೆ ನಿಂತರೆ ಒಬ್ಬರ ಬೆರಳು ಇನ್ನೊಬ್ಬರ ಕಡೆಗೇ ತಿರುಗುತ್ತದೆ.

ಮಳೆಗಾಲ ಹಿಡಿಯುವುದರೊಳಗೆ ದಿನಾಂಕ ಗೊತ್ತುಪಡಿಸಬೇಕೆಂದು ಮತ್ತೊಮ್ಮೆ ಕೋರುತ್ತೇನೆ. ಪ್ರತ್ಯೇಕ ಉತ್ತರ ಬೇಡ, ಪತ್ರಿಕೆಯಲ್ಲಿ ಪ್ರಕಟಿಸಿದರೂ ಸಾಕು. ಅರ್ಜಿಯ ಸ್ವೀಕೃತಿ ಪ್ರತಿ, 1992ಕ್ಕಿಂತ ಹಿಂದಿನ ಮನೆ ತೆರಿಗೆಯ ರಸೀದಿಗಳು ಮತ್ತು ಆ ರಾತ್ರಿಯ ಸ್ಲ್ಯಾಬಿನ ಫೋಟೊಗಳನ್ನು ಹಿಡಿದು, ಬಾಲಾ ಹಿಸಾರಿನ ಉತ್ತರದ ಮೆಟ್ಟಿಲುಗಳ ಬಳಿ ಬೆಳಿಗ್ಗೆಯಿಂದಲೇ ಹಾಜರಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕೋಟೆ ಪಕ್ಕದ ಓಣಿಯ ನಿವಾಸಿ, ಕಲಬುರಗಿ